ಅಟ್ಟ ಸೇರಿದ ಇಂಟರ್‌ನೆಟ್ ಡಬ್ಬಿ



ದಸರೆ, ಯುಗಾದಿ ಬಂತೆಂದರೆ ಅಟ್ಟ ಗುಡಿಸುವ ಕೆಲಸ ನಮ್ಮ ಪಾಲಿಗೆ ತಪ್ಪಿದ್ದಲ್ಲ. ಹೋದ ಸಲ ನೀವು ಅಟ್ಟ ಹತ್ತಿದಾಗ ಏನೇನು ಕೈಗೆ ಸಿಕ್ಕಿತು, ಸ್ವಲ್ಪ ನೆನಪು ಮಾಡಿಕೊಳ್ಳಿ. ಹಿಡಿ ಮುರಿದ ಬಾಣಲೆ, ತೊಟ್ಟಿಲ ಹಗ್ಗ, ಯಾವುದೋ ಕಾಲದ ಕುಕ್ಕರಿನ ರಬ್ಬರು. ಅವುಗಳ ಪಕ್ಕದಲ್ಲೇ ಕೊಂಬಿನಂಥ ಎರಡು ಕಡ್ಡಿ ಇರುವ ಪ್ಲಾಸ್ಟಿಕ್ ಡಬ್ಬಿಯೊಂದು ವೈರು ಸುತ್ತಿಕೊಂಡು ಕೂತಿತ್ತೇ? ಹಾಗಿದ್ದರೆ ಈ ಸಂಚಿಕೆಯ ಮಾತು ನಿಮಗಾಗಿಯೇ ಅಂತ ತಿಳಿಯಿರಿ. ಇಂಟರ್‌ನೆಟ್ ಕಂಪನಿ ಬದಲಾಯಿಸಿದ ಮೇಲೆ ಮನೆಯಲ್ಲಿ ಉಳಿದುಬಿಡುವ ಹಳೇ ಮೋಡೆಮನ್ನು ಏನು ಮಾಡಬೇಕು ಎನ್ನುವುದು ಸಣ್ಣ ಪ್ರಶ್ನೆಯ ಹಾಗೆ ಕಾಣುತ್ತದೆ. ಆದರೆ ಅದರೊಳಗೆ ನಿಮ್ಮ ದುಡ್ಡೂ ಇರಬಹುದು!

ನನ್ನ ನಾದಿನಿಯನ್ನು ಕೊಟ್ಟಿರುವುದು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಗೆ. ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಊರು ಎಂದರೆ ಮಂಡ್ಯದ ಕಡೆಯವರಿಗೆ ಬೇರೆ ಗುರುತು ಹೇಳಬೇಕಿಲ್ಲ. ಹೋದ ದಸರೆಗೆ ಅಲ್ಲಿಗೆ ಹೋಗಿದ್ದೆ. ಆಯುಧಪೂಜೆ ಮುಗಿದ ಮಾರನೆಯ ದಿನ. ಹೊಲಿಗೆ ಯಂತ್ರ, ಮಿಕ್ಸಿ, ಸ್ಕೂಟರು ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದ್ದರು. ಟೀವಿ ಪಕ್ಕದ ಗೂಡಿನಲ್ಲಿ ಎರಡು ಮೋಡೆಮ್ ಇದ್ದವು. ಒಂದು ಪಿಳಿಪಿಳಿ ದೀಪ ಬಿಡುತ್ತಿತ್ತು, ಇನ್ನೊಂದು ತಣ್ಣಗೆ ಕೂತಿತ್ತು. ಕುಂಕುಮ ಮಾತ್ರ ಎರಡಕ್ಕೂ ಇತ್ತು.

"ಇದ್ನ ಏನ್ ಮಾಡದು ಅತ್ಗೆ? ಮಗ ಬೇರೆ ಕಂಪನೀದು ಹಾಕ್ಸವ್ನೆ. ಇದು ಎರಡು ತಿಂಗ್ಳಿಂದ ಸುಮ್ನೆ ಕುಂತದೆ" ಅಂದಳು ನಾದಿನಿ.

ನಾನು ಬಾಯಿ ತೆರೆಯುವ ಮೊದಲೇ ಜಗಲಿಯಿಂದ ಅವಳ ಅತ್ತೆಯ ದನಿ ಬಂತು. "ಅದು ಅವರ ಹೆಸ್ರಲ್ಲಿ ಬಂದಿದ್ದು ಕಣಮ್ಮಿ. ಗುಜ್ರಿಯವನ್ಗೆ ಮಾತ್ರ ಹಾಕ್‌ಬ್ಯಾಡ."

ಅವರು ಎಂದರೆ ನಾದಿನಿಯ ಮಾವನವರು. ತೀರಿಕೊಂಡು ಒಂದು ವರ್ಷವಾಗಿತ್ತು. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಮೊಮ್ಮಗಳ ಪಾಠವೆಲ್ಲ ಮೊಬೈಲಿನಲ್ಲೇ ನಡೆಯಬೇಕಾಯಿತಲ್ಲ? ಸಿಗ್ನಲ್ ಹುಡುಕಿಕೊಂಡು ಮಗು ಬಿಸಿಲಲ್ಲಿ ತಾರಸಿ ಮೇಲೆ ಕೂರುವುದನ್ನು ನೋಡಲಾರದೆ ಆ ಹಿರಿಯರೇ ಕಚೇರಿಗೆ ಹೋಗಿ ರುಜು ಹಾಕಿ ಸಂಪರ್ಕ ತಂದರು. 1500 ರೂಪಾಯಿ ಠೇವಣಿ ಕಟ್ಟಿದ್ದು ಮಾತ್ರ ನನ್ನ ನಾದಿನಿ, ರವಿಕೆ ಹೊಲಿದು ಕೂಡಿಟ್ಟಿದ್ದ ದುಡ್ಡಿನಲ್ಲಿ.

ಅಜ್ಜಿಯ ಮಾತು ಕೇಳಿ ನನಗೆ ನಾಚಿಕೆಯಾಯಿತು. ಯಾಕೆಂದರೆ ನಾನು ಅದೇ ಕೆಲಸ ಮಾಡಿ ಕೈ ಸುಟ್ಟುಕೊಂಡವಳು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಳೇ ಮೋಡೆಮನ್ನು ಪೇಪರಿನ ಕಟ್ಟಿನ ಜೊತೆ ತಕ್ಕಡಿಗೆ ಹಾಕಿ 12 ರೂಪಾಯಿ ಇಸಿದುಕೊಂಡಿದ್ದೆ. ಮನೆ ಚೊಕ್ಕಟವಾಯಿತು ಅಂತ ಹಿಗ್ಗೋ ಹಿಗ್ಗು. ಮೂರು ತಿಂಗಳಾದ ಮೇಲೆ ಕಂಪನಿಯಿಂದ ಫೋನು. "ಮೇಡಂ, ನಮ್ಮ ಡಬ್ಬಿ ವಾಪಸ್ ಕೊಡಿ, ಠೇವಣಿ ತಗೊಳ್ಳಿ." ಡಬ್ಬಿ ಎಲ್ಲಿದೆ ಕೊಡೋದಕ್ಕೆ? 12 ರೂಪಾಯಿಯ ಆಸೆಗೆ ಠೇವಣಿಯೆಲ್ಲ ಹೋಯಿತು. ನಮ್ಮ ಯಜಮಾನರು ಇವತ್ತಿಗೂ ಗುಜರಿಯವನ ಕೂಗು ಕೇಳಿದರೆ ನನ್ನ ಮುಖ ನೋಡಿ ನಗುತ್ತಾರೆ.

ನೀವು ಹಾಗೆ ಮಾಡಬೇಡಿ. ಡಬ್ಬಿಯನ್ನು ಎಸೆಯುವ, ಕೊಡುವ, ಇಟ್ಟುಕೊಳ್ಳುವ ಯೋಚನೆಗೆ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ.

ಇದು ಯಾರದು?

ಮದುವೆಯಲ್ಲಿ ಕೊಟ್ಟ ಪಾತ್ರೆಗಳ ಮೇಲೆ ಹೆಸರು ಕೆತ್ತಿಸುವುದು ನಮ್ಮಲ್ಲಿ ವಾಡಿಕೆ. ನೆರೆಮನೆಗೆ ಹೋದ ಕೊಳದಪ್ಪಲೆ ಹೆಸರಿನ ಬಲದಿಂದಲೇ ಮರಳಿ ಬರುತ್ತಿತ್ತು. ಮೋಡೆಮನ್ನು ಬೋರಲು ಹಾಕಿ ನೋಡಿ, ಅದಕ್ಕೂ ಹೆಸರುಂಟು. ತಳದ ಚೀಟಿಯಲ್ಲಿ ತಯಾರಕರ ಹೆಸರು, ಸೀರಿಯಲ್ ನಂಬರು ಇರುತ್ತವೆ. ಕಂಪನಿಯವರ ಲೆಕ್ಕದ ಪುಸ್ತಕದಲ್ಲಿ ನಿಮ್ಮ ಮನೆಯ ಡಬ್ಬಿ ಇರುವುದು ಆ ನಂಬರಿನಿಂದಲೇ.

ಗ್ಯಾಸ್ ಸಿಲಿಂಡರಿನ ಲೆಕ್ಕ ನಿಮಗೆಲ್ಲ ಗೊತ್ತೇ ಇದೆ. ನಮ್ಮ ಅಡುಗೆಮನೆಯಲ್ಲಿದ್ದರೂ ಸಿಲಿಂಡರ್ ನಮ್ಮದಲ್ಲ, ಠೇವಣಿ ಕಟ್ಟಿ ತಂದದ್ದು. ಈಗ ಬರುತ್ತಿರುವ ಫೈಬರ್ ಸಂಪರ್ಕಗಳಲ್ಲಿ ಮೋಡೆಮಿನ ಕಥೆಯೂ ಬಹಳ ಕಡೆ ಹೀಗೇ. "ಫ್ರೀ ಮೋಡೆಮ್" ಎಂದರೆ ಉಪಯೋಗಕ್ಕೆ ಬಿಟ್ಟಿ, ಸ್ವತ್ತು ಕಂಪನಿಯದು ಎಂದು ಅರ್ಥವಿರಬಹುದು. ಆದ್ದರಿಂದ ರಸೀದಿ ತೆಗೆದು ಓದಿ. ಠೇವಣಿ ಅಥವಾ ಬಾಡಿಗೆ ಎಂದಿದ್ದರೆ ಹಿಂತಿರುಗಿಸಬೇಕು. ಕ್ರಯಕ್ಕೆ ಕೊಂಡದ್ದು ಎಂದಿದ್ದರೆ ಅದು ನಿಮ್ಮದು.

ಹಳೆಯ ಕಾಲದವಕ್ಕೆ ಎರಡೂ ಬಗೆ ಇತ್ತು. 2005ರಲ್ಲಿ ಬಿಎಸ್ಸೆನ್ನೆಲ್‌ನವರು ದೂರವಾಣಿ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ಶುರು ಮಾಡಿದಾಗ ಮೋಡೆಮನ್ನು ಬಾಡಿಗೆಗೂ ಕೊಡುತ್ತಿದ್ದರು, ಕ್ರಯಕ್ಕೂ ಕೊಡುತ್ತಿದ್ದರು. ಅಂಗಡಿಯಲ್ಲಿ ಕೊಂಡು ತಂದವರೂ ಇದ್ದರು. ಡಬ್ಬಿಯ ಹಿಂದೆ ಫೋನಿನ ತಂತಿ ಚುಚ್ಚುವ ಸಣ್ಣ ತೂತು ಇದ್ದರೆ ಅದು ಆ ಕಾಲದ ಪೈಕಿ. ಹಸಿರು ಇಲ್ಲವೇ ನೀಲಿ ಮೂತಿಯ, ನೂಲಿನಂಥ ತೆಳ್ಳಗಿನ ತಂತಿ ಬರುತ್ತಿದ್ದರೆ ಅದು ಫೈಬರಿನದು.

ಫೈಬರ್ ತಂತಿಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಅದರೊಳಗೆ ಓಡುವುದು ಕರೆಂಟಲ್ಲ, ಕಣ್ಣಿಗೆ ಕಾಣದ ಬೆಳಕು. ಕಿತ್ತ ತಂತಿಯ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು, ಮಕ್ಕಳ ಕೈಗೂ ಕೊಡಬಾರದು. ಮಡಿಸಿದರೆ ಒಳಗಿನ ಗಾಜಿನ ಎಳೆ ಮುರಿಯುತ್ತದೆ. ತುದಿಗೆ ಟೋಪಿ ಹಾಕಿ ಅಗಲವಾಗಿ ಸುತ್ತಿಡಿ.

ತಂತಿ ಕಿತ್ತರೆ ಲೆಕ್ಕ ಮುಗಿಯಲಿಲ್ಲ

ಹೊಸದು ಬಂತು, ಹಳೆಯದರ ಪ್ಲಗ್ ಕಿತ್ತೆವು, ಮುಗಿಯಿತು ಎಂದುಕೊಳ್ಳುವವರು ಬಹಳ. ತಿಂಗಳ ಕೊನೆಗೆ ಬಿಲ್ ಬರುವ ಸಂಪರ್ಕವಾದರೆ, ನೀವು ಉಪಯೋಗಿಸಲಿ ಬಿಡಲಿ, ಬಾಡಿಗೆ ಏರುತ್ತಲೇ ಇರುತ್ತದೆ. ಹಳೇ ಲ್ಯಾಂಡ್‌ಲೈನ್ ಇದ್ದವರಂತೂ ಇದನ್ನು ಮರೆಯಬಾರದು. ಮೊದಲೇ ದುಡ್ಡು ಕಟ್ಟುವ ಪ್ಲಾನ್ ಆದರೆ ಅವಧಿ ಮುಗಿದಾಗ ಸಂಪರ್ಕ ತಾನಾಗಿ ನಿಲ್ಲುತ್ತದೆ, ಆದರೆ ಠೇವಣಿ ತಾನಾಗಿ ನಡೆದು ಬರುವುದಿಲ್ಲ.

ಹಾಗಾಗಿ ಸಂಪರ್ಕ ಬೇಡ ಎಂದು ಬರೆದು ಕೊಡಬೇಕು, ಅಥವಾ ಕಂಪನಿಯ ಆ್ಯಪಿನಲ್ಲಿ, ಫೋನಿನಲ್ಲಿ ಹೇಳಿ ನೋಂದಣಿ ನಂಬರು ಪಡೆಯಬೇಕು. ಡಬ್ಬಿ, ಅಡಾಪ್ಟರ್, ರಿಮೋಟ್ ಕೊಟ್ಟಿದ್ದರೆ ರಿಮೋಟ್, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಕೊಡಿ. ಕೊಡುವ ಮುಂಚೆ ತಳದ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. "ಕೊಟ್ಟಿರಿ ಬಿಡಿ ಅಕ್ಕ, ನಾನು ಬರ್ಕೊತೀನಿ" ಅಂತ ಮನೆ ಬಾಗಿಲಿಗೆ ಬಂದ ಹುಡುಗ ಎಷ್ಟೇ ನಗುನಗುತ್ತಾ ಹೇಳಲಿ, ತಲುಪಿದ್ದಕ್ಕೆ ರಸೀದಿಯೋ ಮೊಬೈಲಿಗೆ ಸಂದೇಶವೋ ಬರುವ ತನಕ ಡಬ್ಬಿ ಕೈ ಬಿಡಬೇಡಿ. ಹಾಲಿನವನ ಲೆಕ್ಕವನ್ನೇ ಗೋಡೆಯ ಮೇಲೆ ಬರೆದಿಡುವ ನಮಗೆ ಇದೇನು ಕಷ್ಟವೇ?

ಇನ್ನು, ಸಂಪರ್ಕ ಯಾರ ಹೆಸರಿನಲ್ಲಿದೆ ಎನ್ನುವುದನ್ನೂ ನೋಡಿಕೊಳ್ಳಿ. ನಮ್ಮಲ್ಲಿ ದುಡ್ಡು ಹೆಂಗಸರದಾದರೂ ಅರ್ಜಿಯ ಮೇಲಿನ ಹೆಸರು ಸಾಮಾನ್ಯವಾಗಿ ಮನೆಯ ಗಂಡಸರದು. ಅವರಿದ್ದಾಗ ತೊಂದರೆಯಿಲ್ಲ. ಅವರು ಹೋದ ಮೇಲೆ, ನನ್ನ ನಾದಿನಿಗೆ ಆದ ಹಾಗೆ, "ಖಾತೆದಾರರನ್ನೇ ಕರ್ಕೊಂಡು ಬನ್ನಿ" ಅಂದುಬಿಡುತ್ತಾರೆ! ಆಗ ಅಳುವುದೂ ಬೇಡ, ಜಗಳವೂ ಬೇಡ. ಮರಣ ಪ್ರಮಾಣಪತ್ರದ ನಕಲು, ಹೆಂಡತಿ ಅಥವಾ ಮಕ್ಕಳ ಗುರುತಿನ ಚೀಟಿ, ಹಳೇ ರಸೀದಿ, ಬ್ಯಾಂಕ್ ಪುಸ್ತಕದ ಮೊದಲ ಪುಟದ ನಕಲು ಇಷ್ಟನ್ನು ಹೊಂದಿಸಿಕೊಂಡು, ಇನ್ನೇನಾದರೂ ಬೇಕೇ ಎಂದು ಮೊದಲೇ ಫೋನ್ ಮಾಡಿ ಕೇಳಿ ಹೋಗಿ. ಅಸಲನ್ನು ತೋರಿಸಿ, ನಕಲನ್ನು ಕೊಡಿ. ಅಸಲು ಯಾವತ್ತೂ ನಿಮ್ಮ ಟ್ರಂಕಿನಲ್ಲೇ ಇರಲಿ.

ಸಂಪರ್ಕ ಮುಚ್ಚಿದ ಮೇಲೆ ಠೇವಣಿಯನ್ನು ಕಾಲಮಿತಿಯೊಳಗೆ ಹಿಂತಿರುಗಿಸಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, ನಿಯಮವಿದೆ. ಕಂಪನಿಯ ದೂರು ಕೇಂದ್ರಕ್ಕೆ ಹೇಳಿ ದೂರಿನ ನಂಬರು ಪಡೆಯಿರಿ. ಅಲ್ಲಿ ಕೆಲಸವಾಗದಿದ್ದರೆ ಅದೇ ಕಂಪನಿಯಲ್ಲಿ ಮೇಲ್ಮನವಿ ಅಧಿಕಾರಿ ಇರುತ್ತಾರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಈಗಲೇ ಬರೆದಿಡಿ, ಬೇರೆ ವಿಷಯಕ್ಕೂ ಬೇಕಾಗುತ್ತದೆ.

ಮನೆಯ ಗುಟ್ಟು ಒಳಗಿದೆಯೇ?

"ನಮ್ಮ ಫೋಟೋ ಎಲ್ಲಾ ಅದ್ರೊಳ್ಗೇ ಅದಾ ಅತ್ಗೆ?" ಅಂತ ನಾದಿನಿ ಗಾಬರಿಯಿಂದ ಕೇಳಿದಳು. ಇಲ್ಲ. ನಿಮ್ಮ ಫೋಟೋ, ವಾಟ್ಸಾಪಿನ ಮಾತುಕತೆ, ಬ್ಯಾಂಕಿನ ಗುಟ್ಟು ಮೋಡೆಮಿನಲ್ಲಿ ಕೂತಿರುವುದಿಲ್ಲ. ಅದು ಬಾಗಿಲಿದ್ದ ಹಾಗೆ. ಬಾಗಿಲ ಮೂಲಕ ಸಾಮಾನು ಹೋಗಿ ಬಂದರೂ ಬಾಗಿಲೇ ಉಗ್ರಾಣವಲ್ಲ. ಆದರೆ ಬೀಗದ ಕೈ ಅದರಲ್ಲಿದೆ. ನಿಮ್ಮ ವೈ-ಫೈ ಹೆಸರು, ಪಾಸ್‌ವರ್ಡ್, ಕೆಲವು ಸಲ ಸಂಪರ್ಕದ ಖಾತೆಯ ಗುರುತು ಉಳಿದಿರುತ್ತವೆ. ಹೊಸ ಮೋಡೆಮಿಗೂ ನೀವು ಅದೇ ಪಾಸ್‌ವರ್ಡ್ ಇಟ್ಟಿದ್ದರೆ ಹಳೆಯದನ್ನು ಕೊಡುವುದೆಂದರೆ ಬೀಗದ ಕೈಯನ್ನೇ ಕೊಟ್ಟ ಹಾಗೆ.

ಅಳಿಸುವುದು ಸುಲಭ. ಡಬ್ಬಿಯ ಹಿಂದೆಯೋ ಕೆಳಗೋ ರಿಸೆಟ್ ಎಂದು ಬರೆದ ಸೂಜಿಮೊನೆಯ ತೂತು ಇರುತ್ತದೆ. ಡಬ್ಬಿಗೆ ಕರೆಂಟು ಕೊಟ್ಟು, ಸೇಫ್ಟಿ ಪಿನ್ನಿನ ತುದಿಯಿಂದ ಆ ತೂತಿನೊಳಗಿನ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ದೀಪಗಳೆಲ್ಲ ಒಮ್ಮೆ ಆರಿ ಮತ್ತೆ ಹೊತ್ತಿದರೆ ಹಳೆಯದು ಅಳಿಸಿತು. ಕೇಳಿ, ಇದನ್ನು ಹೊಸ ಸಂಪರ್ಕ ಸರಿಯಾಗಿ ಓಡುತ್ತಿದೆ ಎಂದು ಖಾತ್ರಿಯಾದ ಮೇಲೆ, ಹಳೇ ಡಬ್ಬಿಗೆ ಮಾತ್ರ ಮಾಡಬೇಕು. ಓಡುತ್ತಿರುವ ಡಬ್ಬಿಗೆ ಪಿನ್ನು ಚುಚ್ಚಿದರೆ ಕಂಪನಿಯವರು ಬಂದು ಮತ್ತೆ ಹೊಂದಿಸಿ ಕೊಡುವ ತನಕ ಮನೆಗೆ ಇಂಟರ್‌ನೆಟ್ ಇಲ್ಲ, ಮಕ್ಕಳ ಬಾಯಿಗೆ ನೀವೇ ತುತ್ತು!

ನಮ್ಮದೇ ಆದರೆ ಇಟ್ಟುಕೊಳ್ಳಬಹುದೇ?

ದುಡ್ಡು ಕೊಟ್ಟು ಕೊಂಡದ್ದಾದರೆ ಖಂಡಿತ. ಆದರೆ ಆಸೆ ಹದದಲ್ಲಿರಲಿ. ಮೋಡೆಮ್ ಎಂಬ ಹೆಸರೇ ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಎಂಬ ಎರಡು ಮಾತಿನ ಗಂಟು. ಕಂಪ್ಯೂಟರಿನ ಭಾಷೆಯನ್ನು ತಂತಿಗೆ ಒಗ್ಗುವ ಅಲೆಯಾಗಿ ಮಾಡಿ ಕಳಿಸುವುದು, ಬಂದ ಅಲೆಯನ್ನು ಮತ್ತೆ ಭಾಷೆಯಾಗಿ ಬಿಡಿಸುವುದು ಅದರ ಕೆಲಸ. ಫೋನಿನ ತಂತಿಗೆ ಒಗ್ಗಿದ ಡಬ್ಬಿ ಫೈಬರಿನ ಬೆಳಕಿಗೆ ಒಗ್ಗದು. ಒಂದು ಕಂಪನಿಯ ಫೈಬರ್ ಡಬ್ಬಿ ಸಾಮಾನ್ಯವಾಗಿ ಇನ್ನೊಂದು ಕಂಪನಿಯಲ್ಲಿ ನಡೆಯುವುದಿಲ್ಲ.

ವೈ-ಫೈ ಇರುವ ಹಳೇ ಡಬ್ಬಿಯಿಂದ ಒಂದು ಉಪಕಾರ ಸಿಗಬಹುದು. ನಮ್ಮ ಕಡೆಯ ಉದ್ದನೆಯ ಮನೆಗಳಲ್ಲಿ ಮುಂದಿನ ಹಜಾರದ ಸಿಗ್ನಲ್ ಹಿಂದಿನ ಅಡುಗೆಮನೆಗೆ, ಮಹಡಿಗೆ ತಲುಪುವುದಿಲ್ಲ. ಹೊಸ ಮೋಡೆಮಿನಿಂದ ಒಂದು ಲ್ಯಾನ್ ತಂತಿ ಎಳೆದು ಹಳೆಯದರ ಲ್ಯಾನ್ ತೂತಿಗೆ ಕೊಟ್ಟರೆ ಅಲ್ಲಿಯೂ ವೈ-ಫೈ ಸಿಗುತ್ತದೆ. ಅದಕ್ಕೆ ಹಳೆಯದರ ಡಿಎಚ್‌ಸಿಪಿ ಎಂಬ ಏರ್ಪಾಟನ್ನು ನಿಲ್ಲಿಸಿ, ಅದರ ವಿಳಾಸದ ನಂಬರನ್ನು ಬದಲಿಸಬೇಕು. ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಈ ಎರಡು ಮಾತು ಹೇಳಿದರೆ ಸಾಕು. ಹೊಸ ಪಾಸ್‌ವರ್ಡ್ ಇಡುವುದನ್ನು ಮರೆಯಬಾರದು ಅಂತಲೂ ಹೇಳಿ.

ಅಡಾಪ್ಟರ್ ವಿಷಯದಲ್ಲಿ ಮಾತ್ರ ಜಾಗ್ರತೆ. ಎಲ್ಲ ಕರಿ ಅಡಾಪ್ಟರುಗಳೂ ಒಂದೇ ಥರ ಕಾಣುತ್ತವೆ, ಆದರೆ ಒಂದೇ ಅಲ್ಲ. ಔಟ್‌ಪುಟ್ ಎಂದಿರುವ ಕಡೆ 5 ವೋಲ್ಟ್, 9 ವೋಲ್ಟ್, 12 ವೋಲ್ಟ್ ಎಂದು ಬರೆದಿರುತ್ತದೆ. ಈ ಅಂಕಿ ಡಬ್ಬಿಯ ಮೇಲಿನ ಅಂಕಿಗೆ ಸರಿಯಾಗಿ ಹೊಂದಬೇಕು. ಆಂಪಿಯರ್ ಅಂಕಿ ಡಬ್ಬಿ ಕೇಳಿದಷ್ಟಿರಬೇಕು, ಇಲ್ಲವೇ ಹೆಚ್ಚಿರಬೇಕು. ಪ್ಲಸ್ಸು, ಮೈನಸ್ಸಿನ ಗುರುತೂ ಒಂದೇ ಆಗಿರಬೇಕು. ತಪ್ಪು ಅಡಾಪ್ಟರ್ ಹಾಕಿದರೆ ಒಳ್ಳೇ ಮೋಡೆಮೂ ಸುಟ್ಟುಹೋಗುತ್ತದೆ. ಯಾವುದರ ಅಡಾಪ್ಟರ್ ಯಾವುದು ಎಂದು ಚೀಟಿ ಅಂಟಿಸಿ, ಡಬ್ಬಿಯ ಜೊತೆಗೇ ರಬ್ಬರ್ ಬ್ಯಾಂಡ್ ಹಾಕಿಡಿ.

ಉಪಯೋಗವಿಲ್ಲದ ಡಬ್ಬಿಯನ್ನು ಪ್ಲಗ್ಗಿನಲ್ಲೇ ಬಿಡಬೇಡಿ. 10 ವ್ಯಾಟ್ ಎಳೆಯುವ ಮೋಡೆಮ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 7 ಯೂನಿಟ್ ದಾಟುತ್ತದೆ. ಬಿಟ್ಟಿ ಬೆಳಗುವ ದೀಪಕ್ಕೆ ನಾವೇಕೆ ಎಣ್ಣೆ ಹಾಕಬೇಕು?

ಕೆಟ್ಟೇಹೋಗಿದ್ದರೆ

ನಾದಿನಿಯ ಮನೆಯ ಅಟ್ಟದಲ್ಲಿ ಮೂರನೆಯದೂ ಒಂದು ಸಿಕ್ಕಿತು, ಫೋನಿನ ತಂತಿಯ ಕಾಲದ್ದು. ಅದು ಮನೆಯವರೇ ಕೊಂಡದ್ದು, ಸಿಡಿಲಿಗೆ ಸತ್ತದ್ದು. ಅದನ್ನು ಏನು ಮಾಡುವುದು?

ಗುಜರಿಯವನು ಕೆಟ್ಟವನಲ್ಲ, ಅವನದೂ ಹೊಟ್ಟೆಪಾಡು. ಆದರೆ ಇಂಥ ಸಾಮಾನು ಕೈ ಬದಲಾಗುತ್ತ ಹೋಗಿ, ತಾಮ್ರಕ್ಕಾಗಿ ವೈರನ್ನು ಬಯಲಿನಲ್ಲಿ ಸುಡುವವರ ಕೈ ಸೇರುವುದುಂಟು. ಆ ಹೊಗೆ ಮೊದಲು ಸೇರುವುದು ಸುಡುವವನ ಎದೆಯನ್ನೇ. ಹಳೇ ಡಬ್ಬಿಗಳ ಒಳಹಲಗೆಯ ಬೆಸುಗೆಯಲ್ಲಿ ಸೀಸ ಇರಬಹುದು. ತಿಪ್ಪೆಗೆ ಎಸೆದರೆ, ತಿಪ್ಪೆಯ ಗೊಬ್ಬರ ಗದ್ದೆಗೆ ಹೋಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆಯುವ ಭತ್ತ, ಕಬ್ಬು ನಮ್ಮ ಮಂಡ್ಯ ಸೀಮೆಯ ಅನ್ನ, ಬೆಲ್ಲ. ಆ ಮಣ್ಣಿಗೂ ನೀರಿಗೂ ಇದು ಸೇರಕೂಡದು.

2022ರಲ್ಲಿ ಲೋಕದಲ್ಲೆಲ್ಲ ಸೇರಿ ಹೊರಬಿದ್ದ ಎಲೆಕ್ಟ್ರಾನಿಕ್ ಕಸ 620 ಲಕ್ಷ ಟನ್ ಎಂದು ವಿಶ್ವಸಂಸ್ಥೆಯ ಕಡೆಯಿಂದ 2024ರಲ್ಲಿ ಬಂದ ವರದಿ ಹೇಳುತ್ತದೆ. ಸರಿಯಾದ ಜಾಗ ಸೇರಿದ ಲೆಕ್ಕ ಸಿಕ್ಕಿದ್ದು ಅದರಲ್ಲಿ ಕಾಲುಭಾಗಕ್ಕೂ ಕಡಮೆ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಲ್ಲಿದೆ. ಆ ಪಟ್ಟಿಯಲ್ಲಿ ಮೋಡೆಮೂ ಸೇರಿದೆ. ತಯಾರಿಸಿದವರೇ ಅದರ ಕೊನೆಯ ಗತಿಗೂ ಹೊಣೆ ಹೊರಬೇಕು ಎನ್ನುವುದು ಅದರ ಸಾರ. ಹಾಗಾಗಿ ತಯಾರಕರ ಸಹಾಯವಾಣಿಗೆ ಫೋನ್ ಮಾಡಿ, ನಮ್ಮ ಹತ್ತಿರದಲ್ಲಿ ಎಲ್ಲಿ ಕೊಡಬೇಕು ಎಂದು ಕೇಳುವುದು ನಿಮ್ಮ ಹಕ್ಕು.

ನಮ್ಮ ಕರ್ನಾಟಕ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರಿನಾಚೆ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಘಟಕ 2005ರಲ್ಲೇ ಶುರುವಾಯಿತು. ಇಂಥ ಪರವಾನಗಿ ಪಡೆದವರ ಪಟ್ಟಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಿಗುತ್ತದೆ. ಇದೊಂದು ಡಬ್ಬಿಗಾಗಿ ಬೆಂಗಳೂರಿಗೆ ಬಸ್ ಹತ್ತಿ ಎಂದು ನಾನು ಹೇಳುತ್ತಿಲ್ಲ. ಅಟ್ಟದಲ್ಲೇ ಒಂದು ರಟ್ಟಿನ ಪೆಟ್ಟಿಗೆ ಇಟ್ಟು, ಸತ್ತ ಮೊಬೈಲು, ಚಾರ್ಜರು, ರಿಮೋಟು ಎಲ್ಲವನ್ನೂ ಅದಕ್ಕೇ ಹಾಕಿ. ಹಲವು ಗ್ರಾಮ ಪಂಚಾಯಿತಿಗಳಲ್ಲಿ ಒಣಕಸ ಸಂಗ್ರಹದ ಗಾಡಿಯನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ನಡೆಸುತ್ತಿದ್ದಾರೆ. ಇ-ಕಸ ತೆಗೆದುಕೊಳ್ಳುತ್ತೀರಾ ಎಂದು ಅವರನ್ನೇ ಕೇಳಿ. ಇಲ್ಲವಾದರೆ ನಿಮ್ಮ ಬೀದಿಯ ನಾಲ್ಕಾರು ಮನೆಯವರು ಕೂಡಿ ಪೆಟ್ಟಿಗೆ ತುಂಬಿಸಿ, ಮೈಸೂರಿಗೋ ಬೆಂಗಳೂರಿಗೋ ಹೊರಟವರ ಕೈಯಲ್ಲಿ ಕಳಿಸಿ. ಮೊಬೈಲಿನ ಉಬ್ಬಿದ ಬ್ಯಾಟರಿ ಮಾತ್ರ ಆ ಪೆಟ್ಟಿಗೆಗೆ ಬೇಡ, ಬೆಂಕಿಯ ಭಯ.

ಕ್ಯಾತನಹಳ್ಳಿಯ ಕಥೆ ಏನಾಯಿತು?

ಹೇಳುತ್ತೇನೆ. ನಾದಿನಿ ಡಬ್ಬಿಯ ಕುಂಕುಮ ಒರೆಸಿ, ಅಡಾಪ್ಟರ್ ಜೊತೆ ಚೀಲಕ್ಕೆ ಹಾಕಿದಳು. ರಸೀದಿಗಾಗಿ ಹುಡುಕಾಟ ಶುರುವಾಯಿತು. ಕೊನೆಗೆ ಅದು ಸಿಕ್ಕಿದ್ದು ಅಜ್ಜಿಯ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ. ಆಕೆ ಅದನ್ನು ಕೊಡಲು ಹಿಂದೆಮುಂದೆ ನೋಡಿದರು.

"ಡಬ್ಬಿ ಬೇಕಾದ್ರೆ ತಗೊಂಡೋಗು ಕಣವ್ವ. ಚೀಟೀಲಿ ಅವರ ರುಜು ಅದೆ."

ಆಗ ನನಗೆ ಅರ್ಥವಾಯಿತು, ಆಕೆಗೆ ಬೇಕಿದ್ದದ್ದು ಡಬ್ಬಿಯಲ್ಲ. ನಕಲು ಮಾಡಿಸಿ ಕಚೇರಿಗೆ ಕೊಟ್ಟು, ಅಸಲನ್ನು ಆ ಸೀರೆಯ ಮಡಿಕೆಗೇ ವಾಪಸ್ ಇಟ್ಟೆವು. ಮೊದಲ ದಿನ ಒಂದು ಕಾಗದ ಕಡಮೆ ಎಂದು ಕಳಿಸಿದರು. ಎರಡನೆಯ ಸಲ ಅತ್ತೆ ಸೊಸೆ ಇಬ್ಬರೂ ಹೋಗಿ ಕೊಟ್ಟು, ರಸೀದಿ ಪಡೆದು ಬಂದರು. ಕೆಲವು ವಾರ ಕಳೆದು ಅಜ್ಜಿಯ ಖಾತೆಗೆ 1500 ರೂಪಾಯಿ ಬಂತು. ಆಕೆ ಬ್ಯಾಂಕಿನಿಂದ ಬಿಡಿಸಿ ತಂದು ಸೊಸೆಯ ಹೊಲಿಗೆ ಯಂತ್ರದ ಮೇಲಿಟ್ಟರಂತೆ.

"ತಗೊ ಕಣಮ್ಮಿ, ನಿನ್ ಸೂಜಿ ದುಡ್ಡು ನಿನ್ಗೇ ಬಂತು."

ನಾದಿನಿ ಫೋನಿನಲ್ಲಿ ಇದನ್ನು ಹೇಳುವಾಗ ಅವಳ ದನಿ ತುಸು ನಡುಗುತ್ತಿತ್ತು. ಆ ದುಡ್ಡಿನಲ್ಲಿ ಏನು ಮಾಡಿದೆ ಎಂದು ನಾನು ಕೇಳಲಿಲ್ಲ, ಅದು ಅವಳ ದುಡ್ಡು.

ಸರಿ ಸೋದರಿಯರೇ, ಈ ಹೊತ್ತು ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಒಂದು ಏಣಿ ಹಾಕಿ ಅಟ್ಟ ಹತ್ತಿ. ಡಬ್ಬಿ ಸಿಕ್ಕಿದರೆ ಬೋರಲು ಹಾಕಿ ತಳದ ಚೀಟಿ ಓದಿ, ಆಮೇಲೆ ರಸೀದಿ ಹುಡುಕಿ. ಗುಜರಿಯವನು ಬೀದಿಯ ತುದಿಯಲ್ಲಿ ಕೂಗುತ್ತಿದ್ದರೆ ಕೂಗಿಕೊಳ್ಳಲಿ, ಈ ಸಲಕ್ಕೆ ಅವನಿಗೆ ಪೇಪರ್ ಮಾತ್ರ ಹಾಕಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.